ಹೃದಯ ಬಡಿಯಿತು, ಮಿದುಳು ಇನ್ನೂ ಎದ್ದಿಲ್ಲ

ಐಸಿಯು ಬಾಗಿಲ ಹೊರಗೆ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಡಾಕ್ಟ್ರೇ, ಹಾರ್ಟ್ ಮತ್ತೆ ಶುರುವಾಯ್ತು ಅಂದ್ರಲ್ಲ, ಅಪ್ಪ ಯಾಕೆ ಕಣ್ಣು ಬಿಡ್ತಿಲ್ಲ?" ಈಚೆಗೆ ಒಬ್ಬರು ಅಪ್ಪನ ಕನ್ನಡಕ, ವಾಚು ಕೈಯಲ್ಲಿ ಹಿಡಿದುಕೊಂಡೇ ಮೊಬೈಲ್ ತೋರಿಸಿದರು. "ಕ್ಸೆನಾನ್ ಅಂತ ಗ್ಯಾಸ್ ಇದೆಯಂತೆ, ಮಿದುಳು ಉಳಿಸುತ್ತಂತೆ. ದುಡ್ಡು ಎಷ್ಟಾದ್ರೂ ಆಗ್ಲಿ, ತರಿಸ್ಬಹುದಾ?"

ಆ ಪ್ರಶ್ನೆಗೆ ಎರಡು ಮಾತಲ್ಲಿ ಉತ್ತರ ಕೊಟ್ಟು ಕಳಿಸಲು ಮನಸ್ಸಾಗಲಿಲ್ಲ.

ನಮ್ಮ ಮಿದುಳಿನ ತೂಕ ಮೈತೂಕದ ಶೇ 2ರಷ್ಟು ಮಾತ್ರ. ಆದರೆ ಮೈಗೆ ಬೇಕಾದ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಅದಕ್ಕೇ ಹೋಗುತ್ತದೆ. ಹೃದಯ ನಿಂತರೆ ಹತ್ತು–ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ಮಿದುಳಿನ ಜೀವಕೋಶಗಳಿಗೆ ಪೆಟ್ಟು ಬೀಳುತ್ತದೆ. ರಕ್ತ ವಾಪಸ್ ಹರಿದ ಕೂಡಲೇ ಎಲ್ಲ ಸರಿಹೋಗಬೇಕಲ್ವಾ? ಹಾಗಾಗುವುದಿಲ್ಲ. ಪೆಟ್ಟು ತಿಂದ ಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ವಿಪರೀತ ಸುರಿಸಿರುತ್ತವೆ. ಅದು ಪಕ್ಕದ ಕೋಶಗಳ ಮೇಲಿರುವ ಎನ್‌ಎಂಡಿಎ ಎಂಬ ಬಾಗಿಲುಗಳನ್ನು ತೆರೆದು ಕೂರುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಕೋಶ ಸಾಯುತ್ತದೆ. ಗಂಟೆಗಟ್ಟಲೆ, ದಿನಗಟ್ಟಲೆ ಇದು ನಡೆಯುತ್ತಲೇ ಇರುತ್ತದೆ. ನಾವು ಏನಾದರೂ ಮಾಡಲು ಸಿಗುವ ಸಮಯವೂ ಅದೇ.

ಕ್ಸೆನಾನ್ ಕೆಲಸ ಮಾಡುವುದು ಈ ಬಾಗಿಲಲ್ಲಿ. ಜಡ ಅನಿಲ, ಯಾವುದರ ಜೊತೆಗೂ ಸುಲಭವಾಗಿ ಬೆರೆಯದು ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೂ ಅದು ಎನ್‌ಎಂಡಿಎ ಬಾಗಿಲಲ್ಲಿ ಅದನ್ನು ತೆರೆಯಲು ನೆರವಾಗುವ ಗ್ಲೈಸಿನ್ ಎಂಬ ಇನ್ನೊಂದು ರಾಸಾಯನಿಕ ಕೂರಬೇಕಾದ ಜಾಗದಲ್ಲಿ ಹೋಗಿ ಕೂತು, ಬಾಗಿಲು ತೆರೆಯದಂತೆ ತಡೆಯುತ್ತದೆ. ಇದರಿಂದ ಮಂಪರೂ ಬರುತ್ತದೆ. 1951ರಲ್ಲೇ ಅಮೆರಿಕದಲ್ಲಿ ರೋಗಿಗಳಿಗೆ ಅರಿವಳಿಕೆಯಾಗಿ ಇದನ್ನು ಕೊಟ್ಟಿದ್ದರು. ಬಿಪಿಯನ್ನು ಅಷ್ಟಾಗಿ ಇಳಿಸದು. ಉಸಿರಿನ ಜೊತೆ ಬೇಗ ಒಳಗೆ ಹೋಗುತ್ತದೆ, ಬೇಗ ಹೊರಗೆ ಬರುತ್ತದೆ. ಆಗಷ್ಟೇ ಬದುಕಿಬಂದ ಹೃದಯಕ್ಕೆ ಇಂಥದ್ದೇ ಬೇಕು.

ಇದನ್ನು ಮನುಷ್ಯರಲ್ಲಿ ಸರಿಯಾಗಿ ಪರೀಕ್ಷಿಸಿದವರು ಫಿನ್ಲೆಂಡಿನ ತುರ್ಕು ಮತ್ತು ಹೆಲ್ಸಿಂಕಿಯ ವೈದ್ಯರು. ಆಸ್ಪತ್ರೆಯ ಹೊರಗೆ ಹೃದಯ ನಿಂತು, ಮತ್ತೆ ಶುರುವಾಗಿ, ಪ್ರಜ್ಞೆ ಬಾರದೆ ಮಲಗಿದ್ದ 110 ಜನ. ಮಿದುಳಿನ ಹಾನಿ ತಗ್ಗಲೆಂದು ಎಲ್ಲರ ಮೈಯನ್ನೂ 33 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರು. ಅವರಲ್ಲಿ 55 ಜನಕ್ಕೆ 24 ಗಂಟೆ ಕ್ಸೆನಾನನ್ನೂ ಕೊಟ್ಟರು. ಆಮೇಲೆ ಒಂದು ವಿಶೇಷ ಎಂಆರ್‌ಐ ಮಾಡಿದರು. ಮಿದುಳಿನ ಬಿಳಿ ಭಾಗದ ನರತಂತುಗಳು ಗಟ್ಟಿಯಿದ್ದರೆ ಅಲ್ಲಿನ ನೀರಿನಂಶ ತಂತುಗುಂಟ ಹರಿಯುತ್ತದೆ, ತೋಟದ ಕಾಲುವೆಯಲ್ಲಿ ಹರಿದ ಹಾಗೆ. ಬದು ಒಡೆದರೆ ಎಲ್ಲೆಂದರಲ್ಲಿ ಹರಡುತ್ತದೆ. ಇದನ್ನು ಅಳೆದಾಗ ಕ್ಸೆನಾನ್ ಪಡೆದವರಲ್ಲಿ ಶೇ 3.8ರಷ್ಟು ಉತ್ತಮವಾಗಿತ್ತು. 2016ರಲ್ಲಿ ಈ ಫಲಿತಾಂಶ ಓದಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ಆದರೆ ಮನೆಯವರು ಕೇಳುವುದು ಎಂಆರ್‌ಐ ಅಂಕಿಯನ್ನಲ್ಲ. ಆರು ತಿಂಗಳ ಹೊತ್ತಿಗೆ ಕ್ಸೆನಾನ್ ಪಡೆದ 55 ಜನರಲ್ಲಿ 15 ಮಂದಿ, ಪಡೆಯದ 55 ಜನರಲ್ಲಿ 19 ಮಂದಿ ತೀರಿಕೊಂಡಿದ್ದರು. ನಾಲ್ಕು ಜೀವದ ಅಂತರ. ಇಷ್ಟು ಚಿಕ್ಕ ಗುಂಪಿನಲ್ಲಿ ಅದು ಕಾಕತಾಳೀಯವೂ ಇರಬಹುದು. ಅದೇ ವರ್ಷ ಬ್ರಿಟನ್ನಿನಲ್ಲಿ, ಹುಟ್ಟುವಾಗ ಉಸಿರುಕಟ್ಟಿದ 92 ಶಿಶುಗಳ ಅಧ್ಯಯನದ ಫಲಿತಾಂಶವೂ ಬಂತು. ತಂಪು ಮಾಡುವುದರ ಜೊತೆ ಕ್ಸೆನಾನ್ ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಇದನ್ನು ಚಿಕಿತ್ಸೆ ಅಂತ ಕರೆಯಲು ನಾನು ಇವತ್ತು ತಯಾರಿಲ್ಲ.

ಖರ್ಚಿನ ಮಾತೂ ಇದೆ. ಗಾಳಿಯ ಸುಮಾರು ಒಂದು ಕೋಟಿ ಪಾಲಿನಲ್ಲಿ ಕ್ಸೆನಾನ್ ಒಂದೇ ಪಾಲು. ಗಾಳಿಯನ್ನು ದ್ರವ ಮಾಡಿ ಆಮ್ಲಜನಕ ತೆಗೆಯುವ ದೊಡ್ಡ ಘಟಕಗಳಲ್ಲಿ ಅದನ್ನೂ ಬೇರ್ಪಡಿಸುತ್ತಾರೆ. ಅಷ್ಟು ದುಬಾರಿ ಗ್ಯಾಸನ್ನು ಸುಮ್ನೆ ಹೊರಗೆ ಬಿಡಲಾಗದು. ರೋಗಿ ಬಿಟ್ಟ ಉಸಿರನ್ನು ಶುದ್ಧ ಮಾಡಿ ಮತ್ತೆ ಅವರಿಗೇ ಕೊಡುವ ಬೇರೆ ಥರದ ಯಂತ್ರ ಬೇಕು. ನಮ್ಮ ಮಾಮೂಲಿ ವೆಂಟಿಲೇಟರಿಗೆ ಸಿಲಿಂಡರ್ ಜೋಡಿಸಿದರೆ ಆಗುವ ಕೆಲಸ ಅಲ್ಲ.

ಅದಕ್ಕೇ ನನ್ನ ಆಸೆ ಆರ್ಗಾನ್ ಎಂಬ ಇನ್ನೊಂದು ಜಡ ಅನಿಲದ ಮೇಲೆ ಜಾಸ್ತಿ. ಗಾಳಿಯಲ್ಲಿ ಶೇ 0.93ರಷ್ಟು ಇದೆ, ಅಗ್ಗ, ವೆಲ್ಡಿಂಗ್ ಅಂಗಡಿಗಳಲ್ಲೂ ಬಳಸುತ್ತಾರೆ. (ಆ ಸಿಲಿಂಡರನ್ನು ಯಾರೂ ಮೂಗಿಗೆ ಹಿಡಿಯಬೇಡಿ, ಆಮ್ಲಜನಕವಿಲ್ಲದ ಗ್ಯಾಸ್ ಕೊಲ್ಲುತ್ತದೆ.) ಹೃದಯ ನಿಲ್ಲಿಸಿ ಮತ್ತೆ ಚಾಲೂ ಮಾಡಿದ ಇಲಿಗಳಲ್ಲಿ ಆರ್ಗಾನ್ ಮಿದುಳಿನ ಹಾನಿ ತಗ್ಗಿಸಿದೆ. ತೊಡಕು ಇರುವುದು ಲೆಕ್ಕದಲ್ಲಿ. ಉಸಿರಿನಲ್ಲಿ ಶೇ 70 ಆರ್ಗಾನ್ ಇದ್ದರೆ ಆಮ್ಲಜನಕಕ್ಕೆ ಉಳಿಯುವುದು ಶೇ 30. ಎದೆ ಒತ್ತುವಾಗ ವಾಂತಿ ಶ್ವಾಸಕೋಶಕ್ಕೆ ಇಳಿದವರಿಗೆ ಅಷ್ಟು ಸಾಲುವುದಿಲ್ಲ. ನಮ್ಮ ರೋಗಿಗಳಲ್ಲಿ ಅಂಥವರೇನು ಕಮ್ಮಿ ಇಲ್ಲ.

ಆ ಮಗನನ್ನು ಒಳಗೆ ಕರೆದುಕೊಂಡು ಹೋಗಿ ಮಾನಿಟರ್ ತೋರಿಸಿದೆ. "ಆ ಗ್ಯಾಸಿಗಾಗಿ ನೀವು ಎಲ್ಲೂ ಓಡಾಡಬೇಡಿ. ಇಲ್ಲಿ ನೋಡಿ, ಜ್ವರ 37.5 ಡಿಗ್ರಿ ಸೆಲ್ಸಿಯಸ್ ದಾಟದ ಹಾಗೆ ನೋಡಿಕೊಳ್ತಿದ್ದೀವಿ. ಇದು ಬಿಪಿ, ಇದನ್ನು ಬೀಳೋಕೆ ಬಿಡಲ್ಲ. ಕನಿಷ್ಠ 72 ಗಂಟೆ ಆಗೋವರೆಗೆ ಏಳ್ತಾರೆ, ಏಳಲ್ಲ ಅಂತ ನಾನು ಹೇಳೋದಿಲ್ಲ. ಬೇರೆ ಯಾರಾದ್ರೂ ಹೇಳಿದ್ರೂ ನಂಬಬೇಡಿ" ಅಂದೆ. ಟಾರ್ಚ್ ಹಾಕಿದಾಗ ಅವರಪ್ಪನ ಕಣ್ಣಪಾಪೆ ಕುಗ್ಗಿತು. ಅದನ್ನು ಅವರಿಗೂ ಬಗ್ಗಿ ನೋಡಲು ಹೇಳಿದೆ.