ಸಭೆ ‘ಸಮುದಾಯ’ವಾದ ಬಗೆ

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ, ಜಾತಿಪಟ್ಟಿಯಲ್ಲಿದ್ದ ‘ಕುರುಬ ಕ್ರಿಶ್ಚಿಯನ್’ ಮಾದರಿಯ ಹೆಸರುಗಳು ಗದ್ದಲ ಎಬ್ಬಿಸಿದವು. ಆಕ್ಷೇಪಗಳು ಬಂದ ಮೇಲೆ ಅವು ಪಟ್ಟಿಯಲ್ಲಿ ಕಾಣದಂತಾದವು. ಆದರೆ ಆ ಗದ್ದಲದ ಅಡಿಯಲ್ಲಿ ಹಳೆಯ ಪ್ರಶ್ನೆಯೊಂದಿದೆ: ಕ್ರೈಸ್ತ ಸಭೆಯೆಂದರೆ, ಅಂದರೆ ಚರ್ಚಿನ ವಿಶ್ವಾಸಿಗಳ ಕೂಟವೆಂದರೆ, ಹತ್ತು ಸಮುದಾಯಗಳ ಜೊತೆಗೆ ಹನ್ನೊಂದನೆಯದೇ?

ಬೈಬಲಿನ ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಮೊದಲ ವಿಶ್ವಾಸಿಗಳ ಕೂಡುಬಾಳನ್ನು ಸೂಚಿಸುವ ಗ್ರೀಕ್ ಪದ ಕೊಯಿನೋನಿಯಾ. ಕನ್ನಡ ಬೈಬಲ್ಲಿನಲ್ಲಿ ಅದು ‘ಅನ್ಯೋನ್ಯತೆ’. ಅದು ಹುಟ್ಟಿನ ನಂಟಲ್ಲ, ಪಾಲು ಹಂಚಿಕೊಳ್ಳುವುದರಿಂದ ಬೆಳೆಯುವ ನಂಟು. ಗಮನಿಸಬೇಕಾದದ್ದೆಂದರೆ, ಅದಕ್ಕೆ ಹಲವು ಸಲ ಪೆಟ್ಟು ಬಿದ್ದದ್ದು ಊಟದ ವಿಷಯದಲ್ಲೇ. ಯೆರೂಸಲೇಮಿನಲ್ಲಿ ಗ್ರೀಕ್ ಮಾತಿನ ವಿಧವೆಯರು ದಿನದ ಹಂಚಿಕೆಯಲ್ಲಿ ಹಿಂದುಳಿದರು. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರನು ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಹಿಂದೆ ಸರಿದನು. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಮತ್ತರಾದರೆ ಇಲ್ಲದವರು ಹಸಿದು ಕುಳಿತರು. ದಾಸೋಹದ ಅರ್ಥ ಬಲ್ಲ ಬಾಗೇವಾಡಿ, ಕೂಡಲಸಂಗಮದ ಸೀಮೆಯವರಿಗೆ ಈ ಜಗಳದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಸ್ವಿಸ್-ಜರ್ಮನ್ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್, ಧಾರವಾಡವನ್ನು ದಾಟಿ 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆಯೂರಿತು. ಖಣಕ್ಕೆ ಹೆಸರಾದ ಆ ಊರಿನಲ್ಲಿ ಮಗ್ಗ, ಸಾಲ, ಬೀಗತನ ಎಲ್ಲವೂ ಜಾತಿಯ ದಾರದಲ್ಲೇ ಹೆಣೆದುಕೊಂಡಿದ್ದವು. ದೀಕ್ಷಾಸ್ನಾನ ಪಡೆದು ಕ್ರೈಸ್ತನಾದವನಿಗೆ ಒಮ್ಮೆಲೇ ಬಾವಿ, ಮನೆ, ಹೆಣ್ಣು ಕೊಡುವವರು, ಕೆಲವೊಮ್ಮೆ ಕೂಲಿಯೂ ತಪ್ಪುತ್ತಿತ್ತು. ಜಾತಿ ಬಿಡದವನಿಗೆ ದೀಕ್ಷೆಯಿಲ್ಲವೆಂಬ ವಿಷಯದಲ್ಲಿ ಮಿಷನ್ ಬಿಗಿಯಾಗಿತ್ತು. ಹಾಗೆ ಬಿಟ್ಟು ಬಂದವನ ಹೊಟ್ಟೆಪಾಡನ್ನೂ ಅದೇ ಹೊರಬೇಕಾಯಿತು. ಶಾಲೆ, ಕೆಲಸ, ವಸತಿ ಒಂದೇ ಕಡೆಯಿಂದ ದೊರೆತಂತೆ ಸಭಾ ಹಿರಿಯರ ಕಣ್ಣು ಮದುವೆ, ಕುಡಿತ, ಸಾಲಗಳ ಮೇಲೂ ಬಿತ್ತು. ಬೇರೆ ಬೇರೆ ಓಣಿಗಳಿಂದ ಬಂದವರು ಯೇಸುವಿನ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಒಂದೇ ಪ್ರಭುಭೋಜನಕ್ಕೆ ಕೈಚಾಚಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಆಸರೆಗೆಂದು ಎದ್ದ ಮಿಷನ್ ಕಂಪೌಂಡಿನ ಗೋಡೆಯೇ ಮೊಮ್ಮಕ್ಕಳ ಕಾಲಕ್ಕೆ ಕುಲದ ಗುರುತಾಯಿತು. ಸಭೆಯ ಸದಸ್ಯತ್ವವೂ ಆಸ್ತಿಯಂತೆ ತಂದೆಯಿಂದ ಮಗನಿಗೆ ಇಳಿಯತೊಡಗಿತು. 1914ರ ಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದಾಗ ಪೋಷಕರು ಮರೆಯಾದರು, ಪೋಷಣೆಯ ರೂಢಿ ಮಾತ್ರ ಉಳಿಯಿತು.

ಬೆಳಗಾವಿಯಲ್ಲಿ 1820ರಿಂದಲೇ ಲಂಡನ್ ಮಿಷನ್ ಇತ್ತು. ಅದು ಮುಂದೆ ಮೆಥೊಡಿಸ್ಟರ ಕೈಸೇರಿತು. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಪಂಗಡಗಳು ಕೂಡಿದ ದಕ್ಷಿಣ ಭಾರತ ಸಭೆಯೂ (ಸಿಎಸ್‌ಐ) 1953ರಲ್ಲಿ ಬೆಳಗಾವಿಯ ಕಥೋಲಿಕ ಧರ್ಮಪ್ರಾಂತವೂ ರೂಪುಗೊಂಡವು.

ಇವುಗಳ ನಡುವೆ ಬಂದ 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ದೊರೆಯಲಿಲ್ಲ. ರಾಜ್ಯದ ಮೀಸಲಾತಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೂ ಉಳಿದ ಕ್ರೈಸ್ತರು 3ಬಿಗೂ ಸೇರಿದರು. ಹೀಗೆ ಸಭೆಯ ರಿಜಿಸ್ಟರಿನಲ್ಲಿ ಬರೆಯದ ಜಾತಿಯನ್ನು ತಹಸೀಲ್ದಾರ್ ಕಚೇರಿಯ ಅರ್ಜಿಯಲ್ಲಿ ಬರೆಯಬೇಕಾಯಿತು. ಬಡ ಕುಟುಂಬವೊಂದು ಮಗಳ ಕಾಲೇಜು ಸೀಟಿಗಾಗಿ ಹಾಗೆ ಬರೆದರೆ ಅದನ್ನು ವಿಶ್ವಾಸದ ಕೊರತೆ ಎನ್ನಲು ನಾಲಿಗೆ ಏಳುವುದಿಲ್ಲ. ಸಮೀಕ್ಷೆಯ ಪಟ್ಟಿಯಿಂದ ಆ ಹೆಸರುಗಳು ಮರೆಯಾಗಿರಬಹುದು, ಒಂದೇ ಪಾತ್ರೆಯಿಂದ ಪ್ರಭುಭೋಜನ ಪಡೆದವರ ನಡುವೆಯೂ ಹೆಣ್ಣು ನೋಡಲು ಹೊರಟಾಗ “ಅವರ ಮೂಲ ಯಾವುದು?” ಎಂಬ ಮಾತು ಮೆಲ್ಲಗೆ ಬಂದೇ ಬರುತ್ತದೆ.