ಕರ್ತೃ ಎಲ್ಲಿ ಮಾಯವಾದ?

ಚಿನುವ ಅಚೆಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕಾದಂಬರಿಯ ಕೊನೆಯ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ. ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಅದರ ಕರ್ತೃ ಯಾರೆಂದು ಬರೆದುಕೊಳ್ಳಿ. ವಸಾಹತು ನೈಜೀರಿಯಾದಲ್ಲಿ ಯಾರ ಮಾತು ನಡೆಯುತ್ತಿತ್ತು ಎಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ.

ಕಥಾನಾಯಕ ಒಕೊಂಕ್ವೊ ಮರಕ್ಕೆ ನೇಣು ಬಿಗಿದುಕೊಂಡಿದ್ದಾನೆ. ಗೆಳೆಯ ಒಬಿಯೆರಿಕ ಥಟ್ಟನೆ ಜಿಲ್ಲಾ ಕಮಿಷನರ್ ಕಡೆ ತಿರುಗಿ, ಇವನು ಪ್ರಾಣ ಕಳೆದುಕೊಳ್ಳುವಂತೆ ಮಾಡಿದವನು ನೀನು ಎನ್ನುತ್ತಾನೆ. ಕರ್ತೃ ‘ನೀನು’, ಒಕೊಂಕ್ವೊ ಕರ್ಮ. ಸ್ವಲ್ಪ ಮುಂದೆ ಅದೇ ಸಾವು ಕಮಿಷನರ್ ತಲೆಯೊಳಗೆ ಬರುತ್ತದೆ: ಕೋರ್ಟಿನ ಜವಾನನನ್ನು ಕೊಂದು ನೇಣು ಹಾಕಿಕೊಂಡ ಒಬ್ಬ ಮನುಷ್ಯ. ಹೆಸರು ಹೋಯಿತು. ಎರಡೂ ಕ್ರಿಯೆಗಳ ಹೊಣೆ ಸತ್ತವನ ಮೇಲೆ ಬಿತ್ತು, ಸರ್ಕಾರ ವಾಕ್ಯದಿಂದಲೇ ಜಾರಿಕೊಂಡಿತು. ಕಡೆಯಲ್ಲಿ ಕಮಿಷನರ್ ಬರೆಯಲಿರುವ ಪುಸ್ತಕದ ಹೆಸರು: ಕೆಳ ನೈಜರ್‌ನ ಆದಿಮ ಬುಡಕಟ್ಟುಗಳ ಶಾಂತೀಕರಣ. ಕ್ರಿಯೆ ನಾಮಪದವಾಗಿಬಿಟ್ಟಿದೆ, ಮಾಡಿದವರು ಯಾರೂ ಇಲ್ಲ. ಒಂದೇ ಹಿಂಸೆಗೆ ಮೂರು ವ್ಯಾಕರಣ. ಅಚೆಬೆ ಪಕ್ಕದಲ್ಲಿ ನಿಂತು ಒಂದು ಮಾತಿನ ಟೀಕೆಯನ್ನೂ ಸೇರಿಸುವುದಿಲ್ಲ. ಈ ಪುಟದ ಕಟುತ್ವ ಇರುವುದೇ ಅಲ್ಲಿ.

ಇದನ್ನು ಕನ್ನಡಕ್ಕೆ ತರುವವರು ಮೊದಲು ಎಡವುವುದು ಸರ್ವನಾಮದಲ್ಲಿ. ಎದುರಿಗಿರುವವನು ದೊಡ್ಡ ಅಧಿಕಾರಿ ಎಂದು ಒಬಿಯೆರಿಕನ ಬಾಯಲ್ಲಿ ‘ನೀವು’ ಇಟ್ಟರೆ ಅವನ ರೋಷ ಅಹವಾಲಾಗುತ್ತದೆ. ಒಬ್ಬನನ್ನೇ ಬಹುವಚನದಲ್ಲಿ ಗೌರವಿಸುವ ರೂಢಿ ಒಬಿಯೆರಿಕನ ಇಗ್ಬೊ ಭಾಷೆಯಲ್ಲಿಲ್ಲ. ಏಕವಚನವೇ ಸರಿ. ‘ಶಾಂತೀಕರಣ’ ತೊಡಕೆನಿಸಿ ‘ನಾವು ಬುಡಕಟ್ಟುಗಳನ್ನು ಹತೋಟಿಗೆ ತಂದ ಬಗೆ’ ಎಂದು ಬಿಡಿಸುವುದು ಇನ್ನೂ ದೊಡ್ಡ ತಪ್ಪು. ಕಾದಂಬರಿಕಾರ ಬೇಕೆಂದೇ ಅಳಿಸಿದ ಕರ್ತೃ ಅಲ್ಲಿ ವಾಪಸ್ ಬಂದು ಕೂರುತ್ತಾನೆ.

ನೈಜೀರಿಯಾದವರೇ ಆದ ಗೇಬ್ರಿಯಲ್ ಒಕಾರ ಅವರ ಕಾದಂಬರಿ ‘ದಿ ವಾಯ್ಸ್’ (1964) ಒಡ್ಡುವ ಸವಾಲು ಬೇರೆ. ನೈಜರ್ ನದೀಮುಖದ ಇಜೊ ಭಾಷೆಯಲ್ಲಿ ಕ್ರಿಯಾಪದ ಕನ್ನಡದಂತೆಯೇ ವಾಕ್ಯದ ಕೊನೆಗೆ ಬರುತ್ತದೆ. ಆ ಕ್ರಮವನ್ನೇ ಇಂಗ್ಲಿಷಿನ ಮೇಲೆ ಹೇರಿ ಒಕಾರ ‘ಹೂ ಆರ್ ಯೂ ಪೀಪಲ್ ಬೀ?’ ಎಂಬಂಥ ವಾಕ್ಯಗಳನ್ನು ಕಟ್ಟಿದರು. 1960ರಲ್ಲಷ್ಟೇ ಸ್ವತಂತ್ರವಾದ ದೇಶದಲ್ಲಿ ಆಡಳಿತದ ಭಾಷೆ ಹಳ್ಳಿಯ ಮಾತಿಗೆ ಮಣಿದದ್ದನ್ನು ಓದುಗ ಕಿವಿಯಲ್ಲೇ ಕೇಳುತ್ತಾನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದರೆ ಯಾರಿಗೂ ವಿಶೇಷ ಅನ್ನಿಸದು, ಒಕಾರ ಪಟ್ಟ ಶ್ರಮವೆಲ್ಲ ಆವಿಯಾಗುತ್ತದೆ. ಹಾಗೆಂದು ಕ್ರಿಯಾಪದವನ್ನು ಮುಂದಕ್ಕೆಳೆದರೆ ಕಾವ್ಯದ ಧಾಟಿ ಬಂದುಬಿಡುತ್ತದೆ. ‘ನೀವು ಯಾರು?’ ಎಂಬಲ್ಲಿ ಕನ್ನಡಕ್ಕೆ ಬೇಕಿಲ್ಲದ ‘ಆಗು’ವನ್ನು ಹಟದಿಂದ ಸೇರಿಸುವುದು ನನ್ನ ಮಟ್ಟಿಗೆ ವಾಸಿ: ‘ನೀವು ಯಾರು ಜನ ಆಗಿದ್ದೀರಿ?’