ಹಿತ್ತಲ ಪಾಂಡಿನ ದಂಡೆಯಲ್ಲಿ ಸಂಜೆ ವಾಕಿಂಗ್ ಬೇಡ

ಮೇ, ಜೂನ್ ಬಂತೆಂದರೆ ಫ್ಲಾರಿಡಾದ ನಮ್ಮ ಕನ್ನಡದವರ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಹಿತ್ತಲಲ್ಲೇ ಪಾಂಡ್, ಅಂದರೆ ಕೊಳ, ನೋಡಿ ಅವರಿಗೆ ಖುಷಿಯೋ ಖುಷಿ. ಬಿಸಿಲು ಇಳಿದ ಮೇಲೆ ಅದರ ದಂಡೆಯಲ್ಲೇ ವಾಕಿಂಗ್, ಜೊತೆಗೆ ಮೊಮ್ಮಗು. ಇಂಥ ವಸತಿ ಬಡಾವಣೆಗಳಿಗೆ ಹೋಗಿ ಅಲಿಗೇಟರ್, ಅಂದರೆ ಇಲ್ಲಿನ ಮೊಸಳೆಯಂಥ ಪ್ರಾಣಿ, ಅದರ ಬಗ್ಗೆ ತಿಳಿಹೇಳುವುದು ನನ್ನ ಕೆಲಸ. ನನಗೆ ಎಲ್ಲಕ್ಕಿಂತ ಜಾಸ್ತಿ ದಿಗಿಲಾಗುವುದು ಈ ಸಂಜೆ ವಾಕಿಂಗ್ ಕಂಡಾಗಲೇ.

ಆ ಪಾಂಡ್ ಸುಮ್ನೆ ಅಂದಕ್ಕೆ ಮಾಡಿದ್ದಲ್ಲ. ಇಲ್ಲಿನ ನೆಲ ತಟ್ಟೆಯಂತೆ ಚಪ್ಪಟೆ, ಸ್ವಲ್ಪ ಅಗೆದರೆ ನೀರು. ಹಾಗಾಗಿ ಗುಂಡಿ ತೋಡಿ, ಆ ಮಣ್ಣಿಂದ ಸೈಟು ಎತ್ತರಿಸಿ, ಮಳೆನೀರೆಲ್ಲ ಆ ಗುಂಡಿಗೆ ಹರಿಯುವಂತೆ ಮಾಡುತ್ತಾರೆ. ಎಷ್ಟೋ ಕಡೆ ಒಂದು ಪಾಂಡಿಗೂ ಇನ್ನೊಂದಕ್ಕೂ ಪೈಪು, ಅಲ್ಲಿಂದ ಕಾಲುವೆ. ಅಲಿಗೇಟರಿಗೆ ಇದೆಲ್ಲ ದಾರಿ, ಪೈಪಿಲ್ಲದಿದ್ದರೆ ಹುಲ್ಲಿನ ಮೇಲೆ ನಡೆದೇ ಬರುತ್ತದೆ. ರಾಜ್ಯದಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ, 67 ಕೌಂಟಿಗಳಲ್ಲೂ (ನಮ್ಮ ಜಿಲ್ಲೆ ಇದ್ದಹಾಗೆ) ಇವೆ. ಆದರೂ ನಾನು ಹೋದಲ್ಲೆಲ್ಲ ಕೇಳುವ ಮಾತು ಒಂದೇ: "ನಮ್ಮ ಪಾಂಡಲ್ಲಿ ಇಲ್ಲ ಕಣ್ರೀ, ನಾವು ಯಾವತ್ತೂ ನೋಡಿಲ್ಲ."

ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ನೋಡಿ ಬೆಳೆದವರು ನಾವು. ಬಿಸಿಲು ಕಾಯುತ್ತಾ ಕಣ್ಣಿಗೆ ಕಾಣುವ ಪ್ರಾಣಿಯಿಂದ ದೂರ ಇರುವುದು ಸುಲಭ, ಅಲ್ವಾ? ಹಸಿದ ಅಲಿಗೇಟರ್ ಹಾಗೆ ಕಾಣುವುದಿಲ್ಲ. ಮೂಗಿನ ತುದಿ, ಎರಡು ಕಣ್ಣು, ಅಷ್ಟೇ ನೀರಿನ ಮೇಲೆ. ಎಷ್ಟೋ ಸಲ ಅದೂ ಇಲ್ಲ, ಕೆಸರು ಬಣ್ಣದ ನೀರಿನಡಿ ದಂಡೆಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಸಂಜೆಯಿಂದ ಬೆಳಗಿನ ಜಾವದವರೆಗೆ ಅದರ ಓಡಾಟ ಜಾಸ್ತಿ, ಬಿಸಿ 28ರಿಂದ 33 ಡಿಗ್ರಿ ಸೆಲ್ಸಿಯಸ್ ಇದ್ದರೆ ಇನ್ನೂ ಚುರುಕು. ಮೇ, ಜೂನ್ ಅದರ ಕೂಡುವ ಕಾಲ ಕೂಡ.

2023ರ ಫೆಬ್ರವರಿಯಲ್ಲಿ ಫೋರ್ಟ್ ಪಿಯರ್ಸ್‌ನ ಹಿರಿಯರ ಬಡಾವಣೆಯೊಂದರಲ್ಲಿ 85 ವರ್ಷದ ಅಜ್ಜಿ ನಾಯಿ ಹಿಡಿದು ಪಾಂಡ್ ಪಕ್ಕ ಹೋಗುತ್ತಿದ್ದರು. 10 ಅಡಿಗೂ ಉದ್ದದ ಅಲಿಗೇಟರ್ ಅವರನ್ನು ನೀರಿಗೆ ಎಳೆದುಕೊಂಡು ಹೋಯಿತು, ಅಜ್ಜಿ ಉಳಿಯಲಿಲ್ಲ. ಅದರ ಹಿಂದಿನ ಜುಲೈಯಲ್ಲಿ ಎಂಗಲ್‌ವುಡ್‌ನ ಗಾಲ್ಫ್ ಬಡಾವಣೆಯಲ್ಲಿ ಇನ್ನೊಬ್ಬ ವೃದ್ಧೆ ಮನೆ ಹತ್ತಿರದ ಪಾಂಡಿಗೆ ಜಾರಿ ಬಿದ್ದು ಹೀಗೇ ಸತ್ತರು. ಇಂಥ ಸಾವು ಅಪರೂಪ ನಿಜ. ಆದರೆ ಎರಡೂ ಕಡೆ ಜನ ಇದ್ದದ್ದು ಕಾಡಿನಲ್ಲಲ್ಲ, ಮನೆಯ ಹತ್ತಿರ, ನೀರಿನ ಅಂಚಿನಲ್ಲಿ. ಅದಕ್ಕೇ ಅಲಿಗೇಟರ್ ಕಾಣಲಿ ಬಿಡಲಿ, ಅಂಚಿನಿಂದ 15 ಅಡಿಯಾದರೂ ಈಚೆ ನಡೆಯಿರಿ ಅನ್ನುತ್ತೇನೆ. ಕಂಡರೆ 60 ಅಡಿ. ಮಕ್ಕಳು ಮತ್ತು ನಾಯಿ ನಿಮ್ಮಿಂದ ಈಚೆಗೆ, ಮನೆ ಕಡೆಗೆ ಇರಲಿ, ನೀರಿನ ಕಡೆಗಂತೂ ಬೇಡವೇ ಬೇಡ.

ಇನ್ನು ಊಟ ಹಾಕುವ ವಿಷಯ. ಉಳಿದ ಅನ್ನ, ಇಡ್ಲಿ ಬಾತುಕೋಳಿಗೆ, ಆಮೆಗೆ ಎಸೆಯುವುದು ನಮ್ಮವರಿಗೆ ಪುಣ್ಯದ ಕೆಲಸ ಅನಿಸುತ್ತದೆ. ಬಾತುಕೋಳಿ ಬಂದಲ್ಲಿಗೆ ಅಲಿಗೇಟರೂ ಬರುತ್ತದೆ. ಮನುಷ್ಯ ದಂಡೆಗೆ ಬಂದರೆ ತಿನ್ನಲು ಸಿಗುತ್ತದೆ ಅಂತ ಅದು ಕಲಿತ ಮೇಲೆ ಹೆದರಿಕೆ ಹೋಗುತ್ತದೆ, ಮುಂದೆ ಬರುವವರಿಗೆ ಅಪಾಯ. ಅಲಿಗೇಟರಿಗೇ ಊಟ ಹಾಕುವುದು ಫ್ಲಾರಿಡಾದಲ್ಲಿ ಅಪರಾಧ. ಗಣೇಶನ ವಿಸರ್ಜನೆಯೂ ಪಾಂಡಲ್ಲಿ ಬೇಡ, ದಯವಿಟ್ಟು. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲಿಗೆ ಮೊಟ್ಟೆ ಒಡೆದು ಮರಿ ಬರುವ ಹೊತ್ತು, ತಾಯಿ ಅಲ್ಲೇ ಕಾವಲಿರುತ್ತದೆ. ಬಕೆಟ್ಟಿನಲ್ಲಿ ಬಿಟ್ಟರೂ ಗಣಪ ಒಲಿಯುತ್ತಾನೆ.

ಗಾಲ್ಫ್ ಆಡುವವರಿಗೆ ಒಂದು ಮಾತು. ಚೆಂಡು ಅಲಿಗೇಟರ್ ಪಕ್ಕ ಬಿದ್ದರೆ ಅಲ್ಲಿಂದಲೇ ಹೊಡೆಯಬೇಕಿಲ್ಲ. ಅಪಾಯಕಾರಿ ಪ್ರಾಣಿ ಇದ್ದಲ್ಲಿ ಪೆನಾಲ್ಟಿ ಇಲ್ಲದೆ ಚೆಂಡನ್ನು ಬೇರೆಡೆ ಇಟ್ಟು ಆಡಲು ಆಟದ 16.2 ನಿಯಮವೇ ಬಿಡುತ್ತದೆ. ನೀರಿಗೆ ಬಿದ್ದ ಚೆಂಡಿಗೆ ಕೈ ಹಾಕಲೇಬೇಡಿ.

4 ಅಡಿಗಿಂತ ಉದ್ದದ್ದು ಮನೆ ಹತ್ತಿರ ಸುಳಿದಾಡಿ ಹೆದರಿಕೆ ತರುತ್ತಿದ್ದರೆ ರಾಜ್ಯದ ವನ್ಯಜೀವಿ ಇಲಾಖೆಗೆ 866-392-4286 ನಂಬರಿಗೆ ಫೋನ್ ಮಾಡಿ. ಉದ್ದ ಅಂದಾಜು ಮಾಡಲು ಹತ್ತಿರ ಹೋಗಬೇಕಿಲ್ಲ: ಕಣ್ಣಿಂದ ಮೂಗಿನ ತುದಿವರೆಗೆ ಎಷ್ಟು ಇಂಚೋ, ಮೈ ಸುಮಾರು ಅಷ್ಟು ಅಡಿ. ಇಲಾಖೆ ಕಳಿಸಿದವರು ಹಿಡಿದದ್ದನ್ನು ಸಾಮಾನ್ಯವಾಗಿ ಬೇರೆ ಕೆರೆಗೆ ಬಿಡುವುದಿಲ್ಲ, ಕೊಲ್ಲುತ್ತಾರೆ. ದೂರ ಬಿಟ್ಟರೂ ಅದು ಹಳೇ ಜಾಗಕ್ಕೇ ವಾಪಸ್ ಬರಲು ನೋಡುತ್ತದೆ. ದಂಡೆಯಿಂದ ಅನ್ನ ಎಸೆಯುವ ಹಿರಿಯರಿಗೆ ಇದನ್ನೂ ಹೇಳಿ, ಅಪಾಯದ ಮಾತಿಗಿಂತ ಇದು ಬೇಗ ನಾಟುತ್ತದೆ.